ಮೂರು–ಆರಕ್ಕಿಂತ ದೊಡ್ಡದು ಎರಡು–ಹನ್ನೊಂದು

ಮೊಮ್ಮಗಳು ಹ್ಯಾರಿಸನ್‌ನಲ್ಲಿ ಹೊಸ ಅಪಾರ್ಟ್‌ಮೆಂಟ್ ಹಿಡಿದಿದ್ದಾಳೆ. ಸ್ಟೇಷನ್ನಿಗೆ ಅಂಟಿಕೊಂಡಂತಿರುವ ಗಾಜಿನ ಕಟ್ಟಡ. ಅಲ್ಲಿಂದ ದಿನಾ ನ್ಯೂಯಾರ್ಕಿಗೆ ಕಮ್ಯೂಟ್ ಮಾಡುತ್ತಾಳೆ. ಮೊನ್ನೆ ನೋಡಲು ಹೋದಾಗ ಅವಳು ಅಡುಗೆಮನೆಯಲ್ಲಿ ನಿಂತು ತರಕಾರಿ ಹೆಚ್ಚುವ ಮರದ ಹಲಗೆಗೆ ಬಟ್ಟೆಯಿಂದ ಎಣ್ಣೆ ತಿಕ್ಕುತ್ತಿದ್ದಳು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ಏನ ವಾಸನಿ ಇದು?" ಎಂದೆ, ಗೊತ್ತಿದ್ದೂ.

"ಅಜ್ಜಿ, ಇಟ್ಸ್ ಜಸ್ಟ್ ಫ್ಲ್ಯಾಕ್ಸ್‌ಸೀಡ್ ಆಯಿಲ್," ಎಂದಳು ಅವಳು ತಿರುಗಿ ನೋಡದೆ.

ಅಗಸಿ ಎಣ್ಣೆ. ಧಾರವಾಡದವಳಿಗೆ ಅಗಸಿ ಹೊಸದೇನಲ್ಲ. ನಮ್ಮ ಮನೆಯಲ್ಲಿ ಅಗಸಿ ಚಟ್ನಿಪುಡಿ ಇಲ್ಲದೆ ರೊಟ್ಟಿ ತಟ್ಟೆಗೆ ಬರುತ್ತಿರಲಿಲ್ಲ. ಆದರೆ ಆ ಹೊತ್ತಿಗೆ ನನಗೆ ನೆನಪಾದದ್ದು ಧಾರವಾಡವಲ್ಲ. ಹ್ಯಾರಿಸನ್‌ನಿಂದ ನದಿಗುಂಟ ಸ್ವಲ್ಪ ಮೇಲಕ್ಕೆ ಹೋದರೆ ಸಿಗುವ ಒಂದು ಸಣ್ಣ ಊರು, ಎಪ್ಪತ್ತಮೂರನೆಯ ಇಸವಿಯ ಬೇಸಿಗೆ, ಪೋರ್ಚಿನ ಮೆಟ್ಟಿಲ ಮೇಲೆ ಕೂತು ಒಂದು ಬಾಗಿದ ಕೋಲಿಗೆ ಇದೇ ಎಣ್ಣೆ ತಿಕ್ಕುತ್ತಿದ್ದ ಮಿಸ್ಟರ್ ಡೋಲನ್.

ಡೋಲನ್ ನಮ್ಮ ಮನೆ ಮಾಲೀಕರು. ಕೆಳಗೆ ಗಂಡ ಹೆಂಡತಿ ಅವರು, ಮಹಡಿಯಲ್ಲಿ ಬಾಡಿಗೆಗೆ ನಾವು. ನನಗೆ ಮದುವೆಯಾಗಿ ವರ್ಷವಾಗಿತ್ತು. ನಮ್ಮವರು ಒಂದು ಕೆಮಿಕಲ್ ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಡೋಲನ್ ಐರ್ಲೆಂಡಿನ ಪಶ್ಚಿಮದ ಯಾವುದೋ ಹಳ್ಳಿಯಿಂದ ಬಂದು ಪೈಪಿನ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ಅವರ ಇಂಗ್ಲಿಷ್ ನನಗೆ ಮೊದಮೊದಲು ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ. ಅರ್ಥವಾಗತೊಡಗಿದ ಮೇಲೆ ಅದು ನನ್ನ ಕಿವಿಗೆ ನಮ್ಮ ಕಡೆಯ ಮಾತಿನ ಹಾಗೆಯೇ ಕೇಳತೊಡಗಿತು. ಈಗಲೂ ನೆನಪಿನಲ್ಲಿ ಡೋಲನ್ ಅಚ್ಚ ಧಾರವಾಡದ ಕನ್ನಡವನ್ನೇ ಮಾತಾಡುತ್ತಾರೆ. ಅವರ ಹೆಂಡತಿಯೂ ಅಷ್ಟೆ. ಇಲ್ಲಿ ಹಾಗೆಯೇ ಬರೆಯುತ್ತೇನೆ, ಬೇರೆ ರೀತಿ ನನಗೆ ಬರುವುದಿಲ್ಲ.

"ಕ್ರಿಕೆಟ್ ಬ್ಯಾಟಿಗೂ ಇದೇ ಎಣ್ಣಿ ಹಚ್ತಾರ," ಎಂದೆ ಆ ಸಂಜೆ, ಏನಾದರೂ ಮಾತಾಡಬೇಕಲ್ಲ ಎಂದು.

ಡೋಲನ್ ಮುಖ ಹುಳ್ಳಗೆ ಮಾಡಿದರು. "ಅದು ಇಂಗ್ಲಿಷರ ಆಟ. ಇದು ಹರ್ಲಿಂಗ್. ನಮ್ಮ ಅಜ್ಜಂದಿರ ಅಜ್ಜಂದಿರು ಆಡಿದ್ದು."

ಬುಧವಾರ ಸಂಜೆ ಅವರ ಹೆಂಡತಿ ನನ್ನನ್ನು ಕೈಹಿಡಿದು ಮೈದಾನಕ್ಕೆ ಕರೆದುಕೊಂಡು ಹೋದರು. ಕಾರ್ಖಾನೆಗಳಲ್ಲಿ, ರಸ್ತೆ ಕೆಲಸದಲ್ಲಿ, ಬಾರುಗಳಲ್ಲಿ ದುಡಿಯುವ ಐರಿಶ್ ಗಂಡಸರು ಕೆಲಸ ಮುಗಿಸಿ ಬಂದು ಅಭ್ಯಾಸ ಮಾಡುತ್ತಿದ್ದರು. ಚರ್ಮದ ಗಟ್ಟಿ ಚೆಂಡನ್ನು ಆ ಬಾಗಿದ ಕೋಲಿನ ಅಗಲ ತುದಿಯ ಮೇಲೆ ಕೂರಿಸಿಕೊಂಡು ಓಡುವುದು, ಓಡುತ್ತಲೇ ಗಾಳಿಯಲ್ಲಿ ಹೊಡೆಯುವುದು. ತಲೆಗೆ ಏನೂ ಇಲ್ಲ. ಜೊತೆಗೆ ಬಂದಿದ್ದ ನಮ್ಮವರು ನೋಡಿ, "ಇದು ಆಟನೋ ಹೊಡೆದಾಟನೋ? ಡಾಕ್ಟರ್ ಬಿಲ್ ಯಾರು ಕೊಡ್ತಾರ?" ಎಂದು ದೂರ ಸರಿದು ನಿಂತರು. ನನಗೆ ಮಾತ್ರ ಕಾಲು ನಿಲ್ಲಲಿಲ್ಲ. ನಾನು ಕಾಲೇಜಿನಲ್ಲಿ ಖೋಖೋ ತಂಡದ ನಾಯಕಿಯಾಗಿದ್ದವಳು. ಬಗ್ಗಿ, ತಿರುಗಿ, ಎದುರಿನವನನ್ನು ಮೋಸಗೊಳಿಸಿ ಹಾರುವ ಆ ಓಟ ನನಗೆ ಹೊಸದಾಗಿರಲಿಲ್ಲ. ಮಿಸೆಸ್ ಡೋಲನ್ ಕೂಡ ಹುಡುಗಿಯಾಗಿದ್ದಾಗ ಊರಿನಲ್ಲಿ ಹೆಂಗಸರ ತಂಡದಲ್ಲಿ ಇದೇ ಆಟ ಆಡಿದವರು. ನಾವಿಬ್ಬರೂ ಬೇಲಿ ಹಿಡಿದು ನಿಂತು, ಯಾರು ಎಲ್ಲಿ ತಪ್ಪಿದರು ಎಂದು ಬೈದದ್ದೇ ಬೈದದ್ದು.

ಮೈದಾನದ ಎರಡು ತುದಿಗೂ ಎತ್ತರದ ಎರಡೆರಡು ಉಕ್ಕಿನ ಕಂಬ, ನಡುವೆ ಅಡ್ಡಪಟ್ಟಿ. ಚೆಂಡು ಅಡ್ಡಪಟ್ಟಿಯ ಕೆಳಗೆ ಬಲೆಗೆ ಬಿದ್ದರೆ ಗೋಲು. ಮೇಲಿನಿಂದ ಹೋದರೆ ಒಂದು ಪಾಯಿಂಟು. ಒಂದು ಗೋಲು ಮೂರು ಪಾಯಿಂಟಿಗೆ ಸಮ. ಆದರೆ ಲೆಕ್ಕ ಬರೆಯುವಾಗ ಕೂಡಿಸಿ ಬರೆಯುವುದಿಲ್ಲ. ಮೊದಲು ಗೋಲು, ಆಮೇಲೆ ಪಾಯಿಂಟು, ಬೇರೆಬೇರೆಯಾಗಿಯೇ ಬರೆಯುತ್ತಾರೆ. ಇಷ್ಟು ತಿಳಿದಿದ್ದರೆ ಮುಂದಿನದೆಲ್ಲ ತಿಳಿಯುತ್ತದೆ.

ಆ ಕಂಬಗಳನ್ನು ಡೋಲನ್ ಮತ್ತು ಅವರ ಗೆಳೆಯರು ತಾವೇ ಪೈಪು ಬೆಸೆದು, ಬಣ್ಣ ಹೊಡೆದು, ಕಾರ್ಖಾನೆಯಿಂದ ಹೊತ್ತು ತಂದು ನೆಟ್ಟಿದ್ದರು. ಮೈದಾನ ಊರಿನದು. ವರ್ಷಗಳಿಂದ ಭಾನುವಾರ ಇವರದೇ ಆಟ. ಈಗ ಅದಕ್ಕೆ ಸಂಚಕಾರ ಬಂದಿತ್ತು. ಕಾಲೇಜು ಮುಗಿಸಿ ಬ್ಯಾಂಕು, ವಕೀಲರ ಆಫೀಸು ಸೇರಿದ ಹುಡುಗರು ಕಟ್ಟಿಕೊಂಡ ಒಂದು ರಗ್ಬಿ ಕ್ಲಬ್ ಊರಿಗೆ ಬಂದಿತ್ತು. ರಗ್ಬಿಗೂ ಹೆಚ್ಚುಕಡಿಮೆ ಇಂಥವೇ ಕಂಬ ಬೇಕು, ಇಲ್ಲಿ ಅವು ಸಿದ್ಧವಾಗಿ ನಿಂತಿದ್ದವು. ಸೆಪ್ಟೆಂಬರಿನಿಂದ ಭಾನುವಾರದ ಮೈದಾನ ತಮಗೆ ಬೇಕೆಂದು ಅವರು ಊರಿನ ಪಾರ್ಕ್ ಕಮಿಟಿಯನ್ನು ಕೇಳಿದ್ದರು. ಬೇಸಿಗೆ ಮುಗಿಯುವಾಗ ಕಮಿಟಿ ತೀರ್ಮಾನ ಮಾಡಬೇಕಿತ್ತು.

ಡೋಲನ್‌ಗೆ ಮೈದಾನ ಹೋಗುವುದು ಒಂದು ಸಂಕಟ, ಅದು ರಗ್ಬಿಗೆ ಹೋಗುವುದು ಇನ್ನೊಂದು. ಅವರ ನಾಡಿನ ಆಟಗಳನ್ನು ಆಡುವವರು ರಗ್ಬಿ ಆಡಬಾರದು, ನೋಡಲೂಬಾರದು ಎಂಬ ನಿಯಮ ಬಹುಕಾಲ ಇತ್ತಂತೆ. ಇತ್ತೀಚೆಗಷ್ಟೇ ಅದನ್ನು ತೆಗೆದಿದ್ದರು. ಡೋಲನ್ ತೆಗೆದಿರಲಿಲ್ಲ. ರಗ್ಬಿ ಹುಡುಗರು ಅಭ್ಯಾಸಕ್ಕೆ ಬಂದರೆ ಅವರು ಟೋಪಿ ಹಾಕಿಕೊಂಡು ಮನೆಗೆ ಹೊರಡುತ್ತಿದ್ದರು.

ಈ ಜಗಳಕ್ಕೂ ನನಗೂ ಸಂಬಂಧ ಬಂದದ್ದು ನನ್ನ ಕೆಲಸದಿಂದ. ಹತ್ತಿರದ ಪಟ್ಟಣದಲ್ಲಿ ಸಂಜೆಗೆ ಹೊರಡುವ ಒಂದು ಸ್ಥಳೀಯ ಪತ್ರಿಕೆ ಇತ್ತು. ಟೈಪಿಂಗ್ ಗೊತ್ತಿದ್ದ ನನ್ನನ್ನು ಕ್ರೀಡಾ ವಿಭಾಗಕ್ಕೆ ತೆಗೆದುಕೊಂಡರು. ಭಾನುವಾರ ಯಾರೂ ಕೆಲಸಕ್ಕೆ ಬರಲೊಲ್ಲರು. ಒಬ್ಬರಿಗೆ ಚರ್ಚು, ಒಬ್ಬರಿಗೆ ಅತ್ತೆ ಮನೆಯ ಊಟ. ನನಗೆ ಚರ್ಚೂ ಇಲ್ಲ, ಅತ್ತೆ ಇದ್ದದ್ದು ಧಾರವಾಡದಲ್ಲಿ. ಹಾಗಾಗಿ ಭಾನುವಾರದ ಟೆಲಿಫೋನು ನನ್ನ ಪಾಲಿಗೆ ಬಂತು. ಸುತ್ತಲಿನ ಊರುಗಳ ಕ್ಲಬ್ಬುಗಳವರು ಫೋನು ಮಾಡಿ ತಮ್ಮ ಪಂದ್ಯದ ಫಲಿತಾಂಶ ಹೇಳುವುದು, ನಾನು ಟೈಪು ಮಾಡಿ ಸಂಪಾದಕರ ಮೇಜಿಗೆ ಇಡುವುದು. ಐದು ಗಂಟೆಯೊಳಗೆ ಫೋನು ಮಾಡಿದವರು ಸೋಮವಾರದ ಪೇಪರಿನಲ್ಲಿ ಇರುತ್ತಿದ್ದರು. ಮಾಡದವರು ಆಡಿಯೇ ಇಲ್ಲ ಎಂದು ಲೆಕ್ಕ.

ರಗ್ಬಿ ಕ್ಲಬ್ಬಿನ ಕಾರ್ಯದರ್ಶಿ ಪೀಟರ್ ಎಂಬ ಯುವಕ. ವಕೀಲ. ಪ್ರತಿ ಭಾನುವಾರ ಐದಕ್ಕೆ ಮುಂಚೆ ತಪ್ಪದೆ ಅವನ ಫೋನು. ಹೆಸರುಗಳ ಅಕ್ಷರ ಬಿಡಿಸಿ ಹೇಳುತ್ತಿದ್ದ, ಕೊನೆಗೆ ಥ್ಯಾಂಕ್ಸ್ ಹೇಳುತ್ತಿದ್ದ. ಸಿಟ್ಟು ಬರಿಸುವಷ್ಟು ಒಳ್ಳೆಯ ಹುಡುಗ. ನಮ್ಮ ಕ್ರೀಡಾ ಸಂಪಾದಕ ಫ್ರಾಂಕ್‌ಗೆ ರಗ್ಬಿ ಅಂದರೆ ಇಷ್ಟ. "ಇದು ನಮ್ಮ ದೇಶದ ಫುಟ್‌ಬಾಲಿನ ಅಪ್ಪ. ಓದೋರಿಗೆ ಅರ್ಥ ಆಗುತ್ತೆ," ಎನ್ನುತ್ತಿದ್ದ. ಫ್ರಾಂಕ್ ನನ್ನ ಕಿವಿಗೆ ಬೆಂಗಳೂರಿನ ಆಫೀಸಿನವರ ಹಾಗೆ ಕೇಳುತ್ತಿದ್ದ, ಯಾಕೋ ಗೊತ್ತಿಲ್ಲ. ಹರ್ಲಿಂಗ್ ಬಗ್ಗೆ ಕೇಳಿದರೆ, "ಅವರು ಫೋನೇ ಮಾಡಲ್ಲವಲ್ಲ," ಎಂದು ಮಾತು ಮುಗಿಸುತ್ತಿದ್ದ.

ನಾನು ಮನೆಗೆ ಬಂದು ಡೋಲನ್‌ಗೆ ಹೇಳಿದೆ.

"ನಮ್ಮ ಊರಾಗ ಪೇಪರಿನವರು ಮೈದಾನಕ್ಕ ಬಂದು ಬರೀತಿದ್ರು," ಎಂದರು ಅವರು. "ನಮ್ಮ ಬಗ್ಗೆ ಬರೀರಿ ಅಂತ ಬೇಡಿಕೊಳ್ಳೂದು ನನ್ನ ಕೈಲಿ ಆಗೂದಿಲ್ಲ. ಒಮ್ಮೆ ಮಾಡಿದ್ದೆ. ಏನಾಟ ಅದು ಅಂತ ನಕ್ಕ ಒಬ್ಬಾಂವ."

"ಪೇಪರಿನಾಗ ಬರದಿದ್ರ ಕಮಿಟಿಗೆ ನೀವು ಇದ್ದೀರಿ ಅಂತ ಹೆಂಗ ಗೊತ್ತಾಗಬೇಕು?"

"ಕಣ್ಣಿದ್ದವರು ಬಂದು ನೋಡ್ಲಿ."

ಅವರ ಜೊತೆ ವಾದಿಸಿ ಪ್ರಯೋಜನವಿರಲಿಲ್ಲ. ನಾನು ಅವರ ಹೆಂಡತಿಯನ್ನು ಹಿಡಿದೆ. ಮೈದಾನದ ಮೂಲೆಯಲ್ಲಿ ಮಿಠಾಯಿ ಅಂಗಡಿ, ಅದರ ಹೊರಗೆ ಒಂದು ಪೇ ಫೋನು. ಜೂನ್ ಮೊದಲ ಭಾನುವಾರದಿಂದ ಪಂದ್ಯ ಮುಗಿದ ಕೂಡಲೇ ಮಿಸೆಸ್ ಡೋಲನ್ ಗಂಡನಿಗೆ ಹೇಳದೆ ಅಲ್ಲಿಗೆ ಓಡತೊಡಗಿದರು. ಏದುಸಿರು ಬಿಡುತ್ತಾ, "ಬರಕೋ ಮಗಳ," ಎಂದು ಶುರುಮಾಡುತ್ತಿದ್ದರು. ಯಾರು ಎಲ್ಲಿಂದ ಹೊಡೆದರು, ಗಾಳಿ ಯಾವ ಕಡೆಗಿತ್ತು, ರೆಫರಿ ಎಂಥ ಕುರುಡ, ಎಲ್ಲವನ್ನೂ ಹೇಳುತ್ತಿದ್ದರು. ನಾನು ರೆಫರಿಯನ್ನು ಬಿಟ್ಟು ಉಳಿದದ್ದನ್ನು ಟೈಪು ಮಾಡುತ್ತಿದ್ದೆ. ಫ್ರಾಂಕ್ ಮೊದಲ ವಾರ ಕಸದ ಬುಟ್ಟಿಗೆ ಹಾಕಿದ. ಎರಡನೆಯ ವಾರವೂ ಹಾಕಿದ. ಮೂರನೆಯ ವಾರ ನಾನೇ ಎದುರಿಗೆ ನಿಂತು, "ಐದರೊಳಗೆ ಫೋನು ಬಂದಿದೆ. ನಿಮ್ಮದೇ ನಿಯಮ," ಎಂದೆ. ಗೊಣಗಿಕೊಂಡು ಮೂರು ಸಾಲು ಹಾಕಿದ, ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಲೀಗಿನ ಕೆಳಗೆ. ರಗ್ಬಿಯದು ಬೇಸಿಗೆಯ ಬಿಡುವಿನಲ್ಲೂ ಅರ್ಧ ಕಾಲಂ ಇತ್ತು, ಯಾರದೋ ಪ್ರವಾಸದ ಸುದ್ದಿ. ಹೊಟ್ಟೆ ಉರಿಯಿತು. ಆದರೂ ಮೂರು ಸಾಲು ಮೂರು ಸಾಲೇ.

ಡೋಲನ್ ಆ ಸೋಮವಾರ ಪೇಪರನ್ನು ಪೋರ್ಚಿನಲ್ಲಿ ಬಹಳ ಹೊತ್ತು ಹಿಡಿದುಕೊಂಡಿದ್ದರು. ಯಾರು ಹೇಳಿದ್ದು ಎಂದು ಕೇಳಲಿಲ್ಲ. ಮರುದಿನ ನಮ್ಮ ಮೆಟ್ಟಿಲ ಮೇಲೆ ಅವರ ತೋಟದ ಟೊಮೆಟೊ ಇದ್ದವು. ಬೇಸಿಗೆ ಏರುತ್ತಾ ಹೋದಂತೆ ಮೂರು ಸಾಲು ಐದಾಯಿತು. ಅಂಗಡಿಯವನು ಪಂದ್ಯ ಯಾವಾಗ ಎಂದು ಕೇಳತೊಡಗಿದ. ಬೇಲಿಯ ಹತ್ತಿರ ನಿಲ್ಲುವವರು ಐರಿಶರು ಮಾತ್ರ ಆಗಿರಲಿಲ್ಲ.

ಆಗಸ್ಟಿನ ಕೊನೆಯ ಭಾನುವಾರ ಬ್ರಾಂಕ್ಸ್‌ನ ಬಲವಾದ ತಂಡವೊಂದು ನಮ್ಮ ಮೈದಾನಕ್ಕೆ ಬಂತು. ಆಫೀಸಿನಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಸೀರೆ ಕುರ್ಚಿಗೆ ಅಂಟಿಕೊಂಡಿತ್ತು. ಐದಾಗುತ್ತಾ ಬಂದರೂ ಫೋನಿಲ್ಲ. ಕೊನೆಗೆ ಬಂತು. ಮಿಸೆಸ್ ಡೋಲನ್ ಕೂಗುತ್ತಲೇ ಶುರುಮಾಡಿದರು. "ಗೆದ್ವಿ ಮಗಳ. ಬರಕೋ. ನಮ್ಮದು ಎರಡು–ಹನ್ನೊಂದು, ಅವರದು ಮೂರು–ಆರು."

ಎರಡು ಗೋಲಿಗೆ ಆರು, ಹನ್ನೊಂದು ಸೇರಿಸಿದರೆ ಹದಿನೇಳು. ಅವರ ಮೂರು ಗೋಲಿಗೆ ಒಂಬತ್ತು, ಆರು ಸೇರಿಸಿದರೆ ಹದಿನೈದು. ಎರಡು ಪಾಯಿಂಟಿನ ಗೆಲುವು. ಕಮಿಟಿ ಸಭೆ ಅದೇ ಗುರುವಾರ ಇತ್ತು. ನಾನು ಹತ್ತು ಸಾಲು ಟೈಪು ಮಾಡಿ, ಫ್ರಾಂಕ್‌ನ ಮೇಜಿನ ಮೇಲೆ ಎಲ್ಲಕ್ಕಿಂತ ಮೇಲೆ ಇಟ್ಟು, ಹಾಡಿಕೊಳ್ಳುತ್ತಾ ಬಸ್ಸು ಹತ್ತಿದೆ.

ಸೋಮವಾರದ ಪೇಪರಿನಲ್ಲಿ ಹತ್ತು ಸಾಲೂ ಬಂದಿತ್ತು. ಮೇಲೆ ದಪ್ಪ ಅಕ್ಷರದ ತಲೆಬರಹ: ಬ್ರಾಂಕ್ಸ್ ತಂಡಕ್ಕೆ ಜಯ, ನಮ್ಮವರಿಗೆ ಸೋಲು.

"ನೀವು ಅವಸರದಲ್ಲಿ ತಿರುಗುಮುರುಗಾಗಿ ಬರೆದಿದ್ರಿ," ಎಂದ ಫ್ರಾಂಕ್, ಉಪಕಾರ ಮಾಡಿದವನ ಧ್ವನಿಯಲ್ಲಿ. "ಮೂರು ಎರಡಕ್ಕಿಂತ ದೊಡ್ಡದು. ನಾನೇ ಸರಿ ಮಾಡಿದೆ."

ನಾನು ಲೆಕ್ಕ ಬಿಡಿಸಿ ಹೇಳಿದೆ. ಅವನು ಪೆನ್ಸಿಲಿನಿಂದ ಕೂಡಿ ನೋಡಿ, ಸೀಟಿ ಹೊಡೆದ. "ಇಂಥ ಲೆಕ್ಕ ಬರೆದರೆ ಯಾರಿಗೆ ತಿಳಿಯುತ್ತೆ? ಹೋಗಲಿ ಬಿಡಿ, ಎಷ್ಟು ಜನ ಓದಿರ್ತಾರೆ. ಇಷ್ಟಕ್ಕೆಲ್ಲ ತಿದ್ದುಪಡಿ ಹಾಕಲ್ಲ ನಾವು."

"ಗುರುವಾರ ಕಮಿಟಿ ಇದೆ," ಎಂದೆ.

ಅವನು ಪೆನ್ಸಿಲು ಕೆಳಗಿಟ್ಟ. ಕೆಟ್ಟ ಮನುಷ್ಯನಲ್ಲ. "ಸರಿ, ಒಂದು ಕೆಲಸ ಮಾಡೋಣ. ಹದಿನೇಳು–ಹದಿನೈದು ಅಂತ ಹಾಕ್ತೀನಿ. ಎಲ್ಲ ಆಟದ ಹಾಗೆ. ಇನ್ನು ಮುಂದೆಯೂ ಹಾಗೇ ಕೊಡಲಿ ಅವರು. ಹಾಗಾದರೆ ಪ್ರತಿವಾರ ಹಾಕ್ತೀನಿ, ಮಾತು ಕೊಡ್ತೀನಿ."

ಸಂಜೆ ಡೋಲನ್ ಪೋರ್ಚಿನಲ್ಲಿದ್ದರು. ಪೇಪರು ಕೆಳಗೆ ಬಿದ್ದಿತ್ತು. ಕಾರ್ಖಾನೆಯಲ್ಲಿ ದಿನವಿಡೀ ಅವರನ್ನು ಗೇಲಿ ಮಾಡಿದ್ದರಂತೆ. ಕಮಿಟಿಯ ಒಬ್ಬ ಸದಸ್ಯರು ದಾರಿಯಲ್ಲಿ ಸಿಕ್ಕು, ಪಾಪ, ಸೋತರಂತಲ್ಲ ಎಂದಿದ್ದರಂತೆ. ನಾನು ಫ್ರಾಂಕ್ ಹೇಳಿದ್ದನ್ನು ತಿಳಿಸಿದೆ.

"ಹದಿನೇಳು ಅಂದ್ರ ಏನು?" ಎಂದರು ಡೋಲನ್. ಧ್ವನಿ ಏರಲಿಲ್ಲ. "ಅವರು ಮೂರು ಗೋಲ್ ಹೊಡದ್ರು, ನಾವು ಎರಡ. ಆದ್ರೂ ನಾವು ಎದಿಗುಂದಲಿಲ್ಲ, ದೂರದಿಂದ ಒಂದೊಂದ ಪಾಯಿಂಟ್ ಹೆಕ್ಕಿ ತೆಗೆದು ಗೆದ್ವಿ. ಅದು ಎರಡು–ಹನ್ನೊಂದರಾಗ ಕಾಣತದ. ಹದಿನೇಳರಾಗ ಏನ ಕಾಣತದ ತಂಗಿ? ಹಂಗ ಬರದ್ರ ಅದು ಯಾರ ಆಟ ಬೇಕಾದ್ರೂ ಆಗಬಹುದು."

ನಮ್ಮವರು ಮಹಡಿಯಲ್ಲಿ ಚಹಾ ಮಾಡುತ್ತಾ, "ಮೈದಾನ ಉಳಿಯೂದು ಮುಖ್ಯ ಹೌದಲ್ಲೋ? ಕೂಡಿಸಿ ಬರದ್ರ ಏನ ಗಂಟು ಹೋಗತದ?" ಎಂದರು. ಅವರ ಮಾತೂ ತಪ್ಪಿರಲಿಲ್ಲ. ನಾನು ಚಹಾ ಹಿಡಿದುಕೊಂಡು ಕಿಟಕಿಯ ಹತ್ತಿರ ಕೂತೆ. ಕೆಳಗೆ ಡೋಲನ್ ತಮ್ಮ ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಿದ್ದು ಕಾಣುತ್ತಿತ್ತು.

ನನಗೆ ನೆನಪಾದದ್ದು ಹುಬ್ಬಳ್ಳಿಯ ಒಂದು ಪತ್ರಿಕಾ ಕಚೇರಿ. ಅಂತರ ಕಾಲೇಜು ಖೋಖೋದಲ್ಲಿ ಗೆದ್ದ ದಿನ ನಾವು ನಾಲ್ಕು ಹುಡುಗಿಯರು ಬಸ್ಸು ಹಿಡಿದು ಅಲ್ಲಿಗೆ ಹೋಗಿದ್ದೆವು, ಫಲಿತಾಂಶ ಕೊಡಲು. ಒಂದು ಪಾಯಿಂಟು ಮತ್ತು ನಾಲ್ಕು ನಿಮಿಷ ಬಾಕಿ ಇರುವಾಗ ಗೆದ್ದಿದ್ದೆವು. ಖೋಖೋದಲ್ಲಿ ಆ ನಿಮಿಷಗಳೇ ಜೀವ, ಎದುರಾಳಿಯನ್ನು ಎಷ್ಟು ಬೇಗ ಮುಗಿಸಿದೆವು ಎಂಬುದು ಅದರಲ್ಲಿರುತ್ತದೆ. ಮೇಜಿನಲ್ಲಿದ್ದವರು, "ನಿಮಿಷ ಗಿಮಿಷ ಯಾರಿಗೆ ಬೇಕವಾ," ಎಂದು ಅದನ್ನು ಹೊಡೆದು ಹಾಕಿದರು. ಮರುದಿನ ಒಂದು ಪಾಯಿಂಟಿನಿಂದ ಹೇಗೋ ಬಚಾವಾದವರಂತೆ ನಮ್ಮ ಹೆಸರು ಬಂದಿತ್ತು. ಪಕ್ಕದಲ್ಲಿ ಕ್ರಿಕೆಟ್ ತಂಡದವರು ಚಹಾ ಕುಡಿಯುತ್ತಿರುವ ದೊಡ್ಡ ಫೋಟೊ. ಆಗ ನಾವು ಏನೂ ಮಾತಾಡದೆ ಬಂದಿದ್ದೆವು. ಹತ್ತೊಂಬತ್ತು ವರ್ಷದ ಹುಡುಗಿಯರು ಏನು ಮಾತಾಡಿಯೇವು. ಈಗ ನಾನು ಅದೇ ಮೇಜಿನ ಈ ಕಡೆ ಇದ್ದೆ. ಈ ಸಲ ಹೊಡೆದು ಹಾಕಲು ಬಿಡುವುದಿಲ್ಲ ಎಂದು ಅಲ್ಲೇ ನಿಶ್ಚಯ ಮಾಡಿಕೊಂಡೆ.

ಮಂಗಳವಾರ ಬೆಳಿಗ್ಗೆ ಫ್ರಾಂಕ್ ಬರುವ ಮೊದಲೇ ಅವನ ಮೇಜಿನ ಎದುರಿನ ಕುರ್ಚಿಯಲ್ಲಿ ಕೂತಿದ್ದೆ. ಕೈಯಲ್ಲಿ ಹಿಂದಿನ ದಿನದ ಪೇಪರು, ಟೆನಿಸ್ ಪುಟ ತೆರೆದಿತ್ತು. ಆ ವರ್ಷ ಎಲ್ಲರ ಬಾಯಲ್ಲೂ ಟೆನಿಸ್.

"ಇದನ್ನು ಓದಿ," ಎಂದೆ. "ಸೊನ್ನೆ–ಆರು, ಏಳು–ಐದು, ಏಳು–ಐದು. ಯಾರು ಗೆದ್ದರು?"

"ಮೊದಲ ಹೆಸರಿನವನು. ಎರಡು ಸೆಟ್ ಅವನದು."

"ಕೂಡಿಸಿ ನೋಡಿ. ಮೊದಲನೆಯವನದು ಹದಿನಾಲ್ಕು. ಎರಡನೆಯವನದು ಹದಿನಾರು."

ಫ್ರಾಂಕ್ ಕೋಟು ತೆಗೆಯುತ್ತಿದ್ದವನು ಒಂದು ತೋಳು ಒಳಗೇ ಇಟ್ಟುಕೊಂಡು ನಿಂತ.

"ಟೆನಿಸಿನವರಿಗೆ ಹದಿನಾಲ್ಕು–ಹದಿನಾರು ಅಂತ ಬರೆದುಕೊಡಿ ಅಂತ ನೀವು ಯಾವತ್ತಾದರೂ ಕೇಳಿದ್ದೀರಾ? ಓದುವವರಿಗೆ ಅದು ಹುಟ್ಟುತ್ತಲೇ ಗೊತ್ತಿತ್ತಾ? ನೀವು ಬರೆದು ಬರೆದು ಗೊತ್ತಾಯಿತು. ಇವರದ್ದೂ ಹಾಗೇ ಗೊತ್ತಾಗುತ್ತದೆ. ಒಂದೇ ಒಂದು ವಾಕ್ಯ ಕೆಳಗೆ ಸೇರಿಸಿ."

"ಮಿಸೆಸ್ ಕುಲಕರ್ಣಿ," ಎಂದ ಅವನು, "ನಿಮ್ಮನ್ನು ಟೈಪಿಂಗಿಗೆ ಅಂತ ತಗೊಂಡಿದ್ದು."

"ಅದನ್ನೂ ಮಾಡಿದ್ದೇನೆ," ಎಂದು ಕಾಗದ ಮುಂದಿಟ್ಟೆ.

ಅವನು ಓದಿದ. ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. ಪೆನ್ಸಿಲು ತೆಗೆದುಕೊಂಡು ಒಂದು ಕಡೆ ಅಲ್ಪವಿರಾಮ ಹಾಕಿದ, ತನ್ನ ಅಧಿಕಾರ ಇದೆ ಎಂದು ತೋರಿಸಲು. ಬುಧವಾರದ ಪೇಪರಿನಲ್ಲಿ ಅದು ಬಂತು. ಭಾನುವಾರದ ಹರ್ಲಿಂಗ್ ಪಂದ್ಯದಲ್ಲಿ ಗೆದ್ದದ್ದು ನಮ್ಮ ಊರಿನ ತಂಡ, ಎರಡು–ಹನ್ನೊಂದು, ಮೂರು–ಆರು. ಅಡ್ಡಪಟ್ಟಿಯ ಕೆಳಗೆ ಹೋದ ಪ್ರತಿ ಚೆಂಡಿಗೆ ಮೂರು, ಮೇಲೆ ಹೋದದ್ದಕ್ಕೆ ಒಂದು. ಸೋಮವಾರದ ತಪ್ಪು ಪತ್ರಿಕೆಯದು.

ಗುರುವಾರದ ಸಭೆಗೆ ನಾನೂ ನಮ್ಮವರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆವು. ಪೀಟರ್ ಎದ್ದು ನಿಂತು, ವರ್ಷವಿಡೀ ಪೇಪರಿನಲ್ಲಿ ಬಂದ ರಗ್ಬಿಯ ಸುದ್ದಿಗಳನ್ನು ತೋರಿಸಿ, ತಮ್ಮ ಆಟವನ್ನು ಊರು ಎಷ್ಟು ಮೆಚ್ಚಿದೆ ಎಂದು ನೀಟಾಗಿ ಮಾತಾಡಿದ. ಡೋಲನ್ ಎದ್ದು, "ನಾವು ಇಲ್ಲೇ ಆಡ್ತೀವಿ. ಮೊದಲಿಂದ ಆಡ್ತೀವಿ. ಮುಂದನೂ ಆಡಬೇಕಂತ ಇದ್ದೀವಿ," ಎಂದಷ್ಟೇ ಹೇಳಿ ಕೂತರು. ಒಬ್ಬ ಸದಸ್ಯರು ಬುಧವಾರದ ಪೇಪರು ಹಿಡಿದು, ಈ ಆಟ ಹೀಗೆ ಎಂದು ತಮಗೆ ಈಗಷ್ಟೇ ತಿಳಿಯಿತು, ಇನ್ನೊಂದು ವರ್ಷ ಕೊಟ್ಟು ನೋಡೋಣ ಎಂದರು. ಇನ್ನೊಬ್ಬರು ತಲೆಯಾಡಿಸಿದರು. ಉಳಿದ ಮೂವರು ರಗ್ಬಿಯ ಪರ ಕೈಯೆತ್ತಿದರು. ಭಾನುವಾರ ಹೋಯಿತು.

ಅತ್ತರೆ ಅವಮಾನ ಎಂದು ನಾನು ಚಾವಣಿ ನೋಡುತ್ತಾ ಕೂತೆ. ಮೆಟ್ಟಿಲಿಳಿಯುವಾಗ ಪೀಟರ್ ಡೋಲನ್ ಹತ್ತಿರ ಬಂದು ಮೆಲ್ಲಗೆ, "ಆ ಕಂಬಗಳನ್ನು ಬಿಟ್ಟು ಹೋಗ್ತೀರಾ, ಸರ್?" ಎಂದು ಕೇಳಿದ.

"ಕಂಬ ನಮ್ಮವು," ಎಂದರು ಡೋಲನ್. ಪೀಟರ್‌ನ ಮುಖ ಕೆಂಪಾಯಿತು.

ಎರಡು ದಿನ ಪೋರ್ಚಿನಲ್ಲಿ ಯಾರೂ ಕಾಣಲಿಲ್ಲ. ಇನ್ನು ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಆಮೇಲೆ ತಿಳಿದದ್ದು, ಡೋಲನ್ ಸುತ್ತಲಿನ ಊರುಗಳಲ್ಲಿ ಬಾಗಿಲು ಬಾಗಿಲು ತಟ್ಟುತ್ತಿದ್ದರು. ಪೇಪರಿನವರ ಹತ್ತಿರ ಬೇಡದವರು ಮೈದಾನಕ್ಕಾಗಿ ಪಾದ್ರಿಗಳ ಹತ್ತಿರ ಬೇಡಿದರು. ಸೇತುವೆಯಾಚೆಯ ಊರಿನಲ್ಲಿ ಒಂದು ಕ್ಯಾಥೊಲಿಕ್ ಶಾಲೆಯ ಹಿಂದೆ ಏರುಪೇರಾದ ಬಯಲು ಸಿಕ್ಕಿತು. ಅಲ್ಲಿ ಕಂಬಗಳಿರಲಿಲ್ಲ.

ಮುಂದಿನ ವಾರದ ಶನಿವಾರ ಬೆಳಿಗ್ಗೆ ಕಂಬ ಕೀಳಲು ಎಲ್ಲರೂ ಮೈದಾನಕ್ಕೆ ಬಂದರು. ನಾವೂ ಹೋದೆವು. ವರ್ಷಗಳ ತುಕ್ಕು ಹಿಡಿದ ಪೈಪು ನೆಲ ಬಿಡಲೊಲ್ಲದು. ನಮ್ಮವರು ದೂರ ನಿಂತು ನೋಡುತ್ತಿದ್ದವರು ತಡೆಯಲಾರದೆ, "ಹಂಗ ಎಳೀಬ್ಯಾಡ್ರಿ, ಮೊದ್ಲು ತಿರುವ್ರಿ," ಎಂದು ತೋಳು ಮಡಿಚಿ ಹೋದರು. ತಮಗೆ ಹೊಸದಾಗಿ ಸಿಕ್ಕ ಆ ಮೈದಾನದಲ್ಲಿ ಅಭ್ಯಾಸ ಮಾಡಲು ರಗ್ಬಿ ಹುಡುಗರು ಅದೇ ಹೊತ್ತಿಗೆ ಬಂದರು. ಸ್ವಲ್ಪ ಹೊತ್ತು ಗುಂಪಾಗಿ ನಿಂತು ನೋಡಿದರು. ಡೋಲನ್ ತಮ್ಮ ಟೋಪಿಯತ್ತ ಕೈ ಹಾಕಿದ್ದು ಕಂಡೆ, ಹೊರಟುಬಿಡುತ್ತಾರೆ ಎಂದುಕೊಂಡೆ. ಹೊರಡಲಿಲ್ಲ. ಟೋಪಿ ತೆಗೆದು ಬೆವರು ಒರೆಸಿಕೊಂಡು ಮತ್ತೆ ಪೈಪಿಗೆ ಕೈ ಕೊಟ್ಟರು. ಆಗ ಪೀಟರ್ ಜಾಕೆಟ್ ಬಿಚ್ಚಿ ಹುಲ್ಲಿನ ಮೇಲೆ ಎಸೆದು, ಅವರ ಎದುರಿಗೆ ಬಂದು ಅದೇ ಪೈಪು ಹಿಡಿದ. ಅವನ ಹಿಂದೆ ಉಳಿದವರು. ತಮಗೆ ಬೇಕಿದ್ದ ಕಂಬಗಳನ್ನು ತಾವೇ ಕಿತ್ತರು ಹುಡುಗರು. ಡೋಲನ್ ಅವನನ್ನು ಒಂದು ಗಳಿಗೆ ನೋಡಿ, "ಸ್ವಲ್ಪ ಎಡಕ್ಕ," ಎಂದರು.

ಅಷ್ಟುದ್ದದ ಪೈಪು ಯಾರ ಗಾಡಿಯಲ್ಲೂ ಹಿಡಿಸುವಂತಿರಲಿಲ್ಲ. "ತಂದದ್ದು ಹೆಗಲ ಮ್ಯಾಲ. ಒಯ್ಯೂದೂ ಹಂಗ," ಎಂದರು ಡೋಲನ್. ನಾನು ಮಿಠಾಯಿ ಅಂಗಡಿಯ ಫೋನಿಗೆ ಓಡಿದೆ. ಮಿಸೆಸ್ ಡೋಲನ್ ಬೇಸಿಗೆಯೆಲ್ಲ ಬಳಸಿದ ಫೋನು ಅದು.

"ಫ್ರಾಂಕ್, ಫೋಟೋಗ್ರಾಫರನ್ನು ಕಳಿಸಿ. ಈಗಲೇ."

"ಇವತ್ತು ಪಂದ್ಯ ಇಲ್ಲವಲ್ಲ."

"ಪಂದ್ಯಕ್ಕೆ ಒಂದು ಸಲವೂ ಕಳಿಸಲಿಲ್ಲವಲ್ಲ, ಅದಕ್ಕೇ."

ಫೋಟೋಗ್ರಾಫರ್ ಬರುವಷ್ಟರಲ್ಲಿ ಮೆರವಣಿಗೆ ಮುಖ್ಯ ರಸ್ತೆಗೆ ಬಂದಿತ್ತು. ಒಂದೊಂದು ಪೈಪಿನ ಕೆಳಗೆ ಸಾಲಾಗಿ ಹೆಗಲುಗಳು, ಒಬ್ಬ ಐರಿಶ್ ಮುದುಕ, ಒಬ್ಬ ಬ್ಯಾಂಕಿನ ಹುಡುಗ, ಮತ್ತೊಬ್ಬ ಐರಿಶ್, ನಡುವೆ ನಮ್ಮವರು. ಬಲೆಯನ್ನು ಮಡಿಸಿ ಮಿಸೆಸ್ ಡೋಲನ್ ಹೊತ್ತಿದ್ದರು. ಅಂಗಡಿಗಳಿಂದ ಜನ ಹೊರಗೆ ಬಂದು ನಿಂತಿದ್ದರು. ಕಾರುಗಳು ನಿಂತುಬಿಟ್ಟಿದ್ದವು. ಫೋಟೋಗ್ರಾಫರ್ ಓಡಿಬಂದು, "ಒಂದು ನಿಮಿಷ ಕೆಳಗಿಡಿ, ಎಲ್ಲರೂ ಸಾಲಾಗಿ ನಿಲ್ಲಿ," ಎಂದ.

"ನಿಲ್ಲೂದಿಲ್ಲ," ಎಂದರು ಡೋಲನ್. "ಬೇಕಾದ್ರ ಜೋಡಿ ನಡಿ."

ಅವನು ಕ್ಯಾಮೆರಾ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆಯತೊಡಗಿದ. ಸೇತುವೆಯ ಏರಿನಲ್ಲಿ ಕೊನೆಯ ಪೈಪಿನ ಬಾಲ ಕೆಳಗೆ ಜಗ್ಗುತ್ತಿತ್ತು, ಅಲ್ಲಿ ಒಂದು ಹೆಗಲು ಕಡಿಮೆ ಇತ್ತು. ನಾನು ಪರ್ಸನ್ನು ಕುತ್ತಿಗೆಗೆ ತೂಗುಹಾಕಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೆಳಗೆ ನುಗ್ಗಿದೆ.

ಸೋಮವಾರ ಪತ್ರಿಕೆಯ ಮೊದಲ ಪುಟದಲ್ಲೇ ಆ ಫೋಟೊ ಬಂತು. ಮುಂದೆ ಡೋಲನ್ ಮತ್ತು ಪೀಟರ್, ಹಿಂದೆ ಸೇತುವೆಯುದ್ದಕ್ಕೂ ಕಂಬಗಳು, ಕೊನೆಯಲ್ಲಿ ಸೀರೆ ಉಟ್ಟ ಒಬ್ಬಳು. ಆಫೀಸಿನಲ್ಲಿ ಫ್ರಾಂಕ್ ಅದನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದ. "ನಮ್ಮ ಪೇಪರಿನವರು ಫೋಟೊದ ಹೊರಗಿರಬೇಕು, ಮಿಸೆಸ್ ಕುಲಕರ್ಣಿ," ಎಂದ.

"ನನ್ನ ಡ್ಯೂಟಿ ಶುರುವಾಗುವುದು ಭಾನುವಾರ. ಅದು ಶನಿವಾರ," ಎಂದು ನಾನು ಟೈಪ್‌ರೈಟರಿಗೆ ಕಾಗದ ಏರಿಸಿದೆ.

ಅವನು ಪೇಪರು ಮಡಿಸಿ ಪಕ್ಕಕ್ಕಿಟ್ಟ. ಆಮೇಲೆ ಪೆನ್ಸಿಲು ಕೈಗೆ ತೆಗೆದುಕೊಂಡು ಕೇಳಿದ: "ಈ ಭಾನುವಾರ ಅವರು ಎಷ್ಟು ಗಂಟೆಗೆ ಆಡ್ತಾರೆ?"

ಆ ಬೇಸಿಗೆಯೆಲ್ಲ ನಾನಾಗಿಯೇ ಹೇಳುತ್ತಾ ಬಂದಿದ್ದೆ. ಆ ಆಫೀಸಿನಲ್ಲಿ ಒಬ್ಬರೂ ಕೇಳಿರಲಿಲ್ಲ. ಹೇಳಿದೆ. ಫ್ರಾಂಕ್ ಬರೆದುಕೊಂಡ.